ವೇಗಸ್ ನರ

ಹನ್ನೆರಡು ಜೋಡಿ ಕಪಾಲ ನರಗಳಲ್ಲಿ ಹತ್ತನೆಯದು. ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು ಹೃದಯ, ಶ್ವಾಸಕೋಶ, ಜಠರ, ಕರುಳುಗಳವರೆಗೆ ಕವಲೊಡೆಯುತ್ತದೆ. ಇದರ ಬಹುಪಾಲು ತಂತುಗಳು ಮಿದುಳಿನ ಅಪ್ಪಣೆ ಒಯ್ಯುವಂಥವಲ್ಲ, ಒಳಾಂಗಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವಂಥವು. ಭಯ, ಒತ್ತಡಗಳಲ್ಲಿ ಸಿಂಪಥೆಟಿಕ್ ನರವ್ಯೂಹ ಏರಿಸಿದ ಎದೆಬಡಿತವನ್ನು ಇಳಿಸಿ, ಜೀರ್ಣಕ್ರಿಯೆಗೆ ಮತ್ತೆ ಚಾಲನೆ ಕೊಡುವುದು ಮುಖ್ಯವಾಗಿ ಈ ನರ. 1921ರಲ್ಲಿ ವಿಜ್ಞಾನಿ ಆಟೊ ಲೋವಿ ಕಪ್ಪೆಯೊಂದರ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯವಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದರು. ಅದರ ಬಡಿತವೂ ನಿಧಾನವಾಯಿತು. ಕಾರಣವಾದ ರಾಸಾಯನಿಕ ಅಸಿಟೈಲ್‌ಕೋಲಿನ್. ಪ್ರಯೋಗದ ಉಪಾಯ ನಿದ್ದೆಯಲ್ಲಿ ಹೊಳೆಯಿತೆಂದು ಲೋವಿ ಅವರೇ ಹೇಳಿಕೊಂಡಿದ್ದಾರೆ. 1936ರ ನೊಬೆಲ್ ಅವರಿಗೂ ಹೆನ್ರಿ ಡೇಲ್ ಅವರಿಗೂ ಸಂದಿತು.

ಉಸಿರು ಬಿಡುವಾಗ ಹೃದಯದ ಮೇಲೆ ಈ ನರದ ಹಿಡಿತ ಹೆಚ್ಚುತ್ತದೆ. ನಿಧಾನ ಪ್ರಾಣಾಯಾಮ ತರುವ ಶಾಂತಿಗೆ ಇದು ಒಪ್ಪುವಂಥ ವಿವರಣೆ, ಪೂರ್ಣ ವಿವರಣೆಯಲ್ಲ. ಮಾನಸಿಕ ಆಘಾತದ ಪರಿಣಾಮಗಳನ್ನು ಈ ನರದ ಕವಲುಗಳಿಂದಲೇ ಬಿಡಿಸಹೊರಟ ಸ್ಟೀಫನ್ ಪೋರ್ಜಸ್ ಅವರ ಪಾಲಿವೇಗಲ್ ಸಿದ್ಧಾಂತ ಆಪ್ತಸಲಹೆಗಾರರಲ್ಲಿ ಜನಪ್ರಿಯ. ಅದರ ಅಂಗರಚನಾ ಆಧಾರವನ್ನು ಹಲವು ಶರೀರಶಾಸ್ತ್ರಜ್ಞರು ಒಪ್ಪಿಲ್ಲ. ಎದೆಯ ಚರ್ಮದಡಿ ಸಾಧನವಿಟ್ಟು ನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 1997ರಲ್ಲಿ ಅಪಸ್ಮಾರಕ್ಕೂ 2005ರಲ್ಲಿ ಔಷಧಿಗೆ ಬಗ್ಗದ ಖಿನ್ನತೆಗೂ ಅನುಮತಿ ದೊರೆಯಿತು.