ಶಿಖರವೋ, ನೀರಿನ ಹಾದಿಯೋ: ಆಂಡೀಸ್ ಗಡಿಯ ಕಥೆ

ಬೆಟ್ಟ, ಹೊಳೆ ಇದ್ದಲ್ಲಿ ಗಡಿ ಎಳೆಯುವುದು ಸುಲಭ, ಅದು ನಿಸರ್ಗವೇ ಹಾಕಿಕೊಟ್ಟ ಗೆರೆ ಅಂತ ನಾವು ಕೇಳುತ್ತಾ ಬಂದಿದ್ದೇವೆ. ಈ ಮಾತು ಎಷ್ಟು ನಿಜ ಅಂತ ನೋಡಲು ಇವತ್ತು ನಿಮ್ಮನ್ನು ಸ್ವಲ್ಪ ದೂರ, ಆಂಡೀಸ್ ಪರ್ವತಶ್ರೇಣಿಗೆ ಕರೆದೊಯ್ಯುತ್ತೇನೆ.

ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ ಸುಮಾರು 7,000 ಕಿ.ಮೀ. ಉದ್ದಕ್ಕೆ ಹಬ್ಬಿರುವ ಶ್ರೇಣಿ ಇದು. 1881ರಲ್ಲಿ ಅರ್ಜೆಂಟೀನಾ ಮತ್ತು ಚಿಲಿ ಒಂದು ಒಪ್ಪಂದಕ್ಕೆ ಬಂದವು. 52ನೇ ದಕ್ಷಿಣ ಅಕ್ಷಾಂಶದವರೆಗೆ, ನೀರನ್ನು ಇಬ್ಭಾಗ ಮಾಡುವ ಅತ್ಯುನ್ನತ ಶಿಖರಗಳೇ ಗಡಿ ಎಂದು ಬರೆದುಕೊಂಡವು. ಕೇಳಲು ಎಷ್ಟು ಸರಳ, ಅಲ್ವೇ? ತೊಡಕು ಬಂದದ್ದು ದಕ್ಷಿಣದ ಪ್ಯಾಟಗೋನಿಯಾದಲ್ಲಿ.

ಅಲ್ಲಿ ಹಿಮಯುಗದ ಹಿಮನದಿಗಳು ಬೆಟ್ಟಗಳನ್ನು ಆಳವಾಗಿ ಕೊರೆದು, ಕಲ್ಲುಮಣ್ಣನ್ನು ಪೂರ್ವದ ಬಯಲಿನಲ್ಲಿ ದಿಬ್ಬವಾಗಿ ಸುರಿದು ಹೋಗಿವೆ. ಹಲವೆಡೆ ನೀರು ಬೇರೆಯಾಗುವುದು ಶಿಖರದ ಮೇಲಲ್ಲ, ಈ ತಗ್ಗು ದಿಬ್ಬಗಳ ಮೇಲೆ. ಪೂರ್ವದಲ್ಲಿ ಹುಟ್ಟಿದ ನದಿ ಶಿಖರಗಳ ನಡುವೆಯೇ ನುಸುಳಿ ಪೆಸಿಫಿಕ್ ಸೇರುತ್ತದೆ. ಹಾಗಾಗಿ ನೀರು ಬೇರೆಯಾಗುವ ಗೆರೆಯೇ ಗಡಿ ಎಂದರು ಚಿಲಿಯ ಡಿಯೆಗೊ ಬಾರೋಸ್ ಅರಾನಾ. ಶಿಖರಗಳೇ ಗಡಿ ಎಂದರು ಅರ್ಜೆಂಟೀನಾದ ಫ್ರಾನ್ಸಿಸ್ಕೊ ಮೊರೆನೊ. ಮೊರೆನೊ 1898ರಲ್ಲಿ ಒಂದು ಸಣ್ಣ ಕಾಲುವೆ ತೋಡಿಸಿ, ಪೆಸಿಫಿಕ್ ಕಡೆ ಹೋಗುತ್ತಿದ್ದ ಫೆನಿಕ್ಸ್ ನದಿಯ ನೀರನ್ನು ಅಟ್ಲಾಂಟಿಕ್ ಕಡೆಗೆ ತಿರುಗಿಸಿಯೇ ಬಿಟ್ಟರು. ಗುದ್ದಲಿಗೆ ಬಗ್ಗುವ ಗೆರೆಯನ್ನು ನಂಬುವುದು ಹೇಗೆ ಎಂಬುದೇ ಅವರ ವಾದ.

ವಿವಾದ ಬ್ರಿಟನ್ ದೊರೆಯ ಮಧ್ಯಸ್ಥಿಕೆಗೆ ಹೋಯಿತು. ಸ್ಥಳ ನೋಡಲು ಬಂದವರು ಥಾಮಸ್ ಹೋಲ್ಡಿಚ್. ಭಾರತದ ವಾಯವ್ಯ ಗಡಿಗಳ ಸರ್ವೆ ಮಾಡಿಸಿದ್ದವರು ಇವರೇ. ಅಲ್ಲೊಂದು ಕಣಿವೆಯಲ್ಲಿ ವೇಲ್ಸ್‌ನಿಂದ ಬಂದ ಜನ ನೆಲೆಸಿದ್ದರು. ಹೊಳೆ ಹರಿಯುವುದು ಪೆಸಿಫಿಕ್‌ಗೆ. ಚಿಲಿಯ ಲೆಕ್ಕದಲ್ಲಿ ಕಣಿವೆ ಚಿಲಿಯದ್ದು. ಆದರೆ 1902ರ ಏಪ್ರಿಲ್ 30ರಂದು ಶಾಲೆಯೊಂದರಲ್ಲಿ ಸೇರಿದ ಆ ಜನ, ತಾವು ಅರ್ಜೆಂಟೀನಾದಲ್ಲೇ ಇರುತ್ತೇವೆ ಅಂದರು. ಅದೇ ನವೆಂಬರ್‌ನ ತೀರ್ಪಿನಲ್ಲಿ ಕಣಿವೆ ಅರ್ಜೆಂಟೀನಾಕ್ಕೆ ಉಳಿಯಿತು. ವಿವಾದದ ಉಳಿದ ನೆಲವನ್ನು ಎರಡೂ ದೇಶಗಳಿಗೆ ಹಂಚಲಾಯಿತು.

ಇದನ್ನು ಜನಾಭಿಪ್ರಾಯದ ಗೆಲುವು ಎಂದು ಹೊಗಳುವ ಮುನ್ನ ಒಂದು ಮಾತು. ಅದಕ್ಕೂ ಬಹಳ ಮೊದಲೇ ಆ ನೆಲದಲ್ಲಿದ್ದ ಮಾಪುಚೆ, ತೆಹುವೆಲ್ಚೆ ಜನರನ್ನು ಅರ್ಜೆಂಟೀನಾದ ಸೈನ್ಯ 1870–80ರ ದಶಕಗಳಲ್ಲಿ ಸದೆಬಡಿದಿತ್ತು. ಅವರನ್ನು ಯಾರೂ ಯಾವ ಶಾಲೆಗೂ ಕರೆದು ಕೇಳಲಿಲ್ಲ.

ನಮ್ಮ ಚಂದ್ರಗಿರಿ ಹೊಳೆ ನೆನಪಾಗದೆ ಇರದು. ಅದರ ಉತ್ತರದ ನೆಲ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಗಡಿ ಮಾತ್ರ ಕದಲಲಿಲ್ಲ. ಬೆಟ್ಟವಾಗಲಿ ಹೊಳೆಯಾಗಲಿ ತಾನಾಗಿ ಗಡಿಯಾಗುವುದಿಲ್ಲ. ಯಾರನ್ನು ಕೇಳಿದರು, ಯಾರ ಮಾತು ನಡೆಯಿತು ಎಂಬುದೇ ಗಡಿಯ ಚರಿತ್ರೆ.