ತರ್ಕಭಾಷೆ ಮತ್ತು ದಕ್ಷ ಗಣನೆ

ಸಮಸ್ಯೆಯೊಂದು ಎಷ್ಟು ಕಠಿಣ ಎಂಬುದನ್ನು ಗಣಕಕ್ಕೆ ಹಿಡಿಯುವ ಸಮಯದ ಬದಲು, ಅದನ್ನು ಹೇಳಲು ಬೇಕಾಗುವ ತರ್ಕಭಾಷೆಯಿಂದ ಅಳೆಯುವ ಅಧ್ಯಯನ ಶಾಖೆ. ರೊನಾಲ್ಡ್ ಫೇಗಿನ್ 1973ರಲ್ಲಿ ಬರ್ಕ್ಲಿಯಲ್ಲಿ ಮುಗಿಸಿದ ಪಿಎಚ್.ಡಿ. ಪ್ರಬಂಧ ಇದರ ತಳಪಾಯ. ‘ಇಂಥ ಸಂಬಂಧಗಳಿವೆ’ ಎಂದು ಆರಂಭವಾಗುವ ಎರಡನೇ ದರ್ಜೆಯ ತರ್ಕವಾಕ್ಯಗಳಿಂದ ಹೇಳಬಹುದಾದ ಸಮಸ್ಯೆಗಳೇ ಎನ್‌ಪಿ ವರ್ಗ, ಅಂದರೆ ಕೊಟ್ಟ ಉತ್ತರ ಸರಿಯೇ ಎಂದು ಬೇಗ ಪರಿಶೀಲಿಸಬಹುದಾದ ಸಮಸ್ಯೆಗಳ ವರ್ಗ, ಎಂದು ಅವರು ಸಾಧಿಸಿದರು. ಗ್ರಾಫೊಂದಕ್ಕೆ ಮೂರೇ ಬಣ್ಣ ಸಾಕೇ ಎಂಬ ಪ್ರಶ್ನೆ ಹೀಗಾಗುತ್ತದೆ: ಶೃಂಗಗಳನ್ನು ಮೂರು ಗುಂಪು ಮಾಡಬಹುದು, ಯಾವ ಅಂಚಿನ ಎರಡು ತುದಿಗಳೂ ಒಂದೇ ಗುಂಪಿಗೆ ಬೀಳುವುದಿಲ್ಲ. ಇದರಲ್ಲಿ ಯಂತ್ರದ ಸುದ್ದಿಯೂ ಇಲ್ಲ, ಗಡಿಯಾರದ ಸುದ್ದಿಯೂ ಇಲ್ಲ.

ಬಹುಪದೋಕ್ತಿ ಕಾಲದಲ್ಲಿ ಬಗೆಹರಿಯುವ ಸಮಸ್ಯೆಗಳ ಪಿ ವರ್ಗ ಇಷ್ಟು ಸುಲಭವಾಗಿ ಕೈಗೆ ಸಿಗಲಿಲ್ಲ. ಮೊದಲ ದರ್ಜೆಯ ತರ್ಕ ಅದಕ್ಕೆ ಸಾಲದೆಂಬುದು ಡೇಟಾಬೇಸ್‌ಗಳಲ್ಲಿ ಕಾಣುತ್ತದೆ. ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಡೇಟಾಬೇಸ್ ಮಾದರಿಯ ಪ್ರಶ್ನಾಭಾಷೆ ಮೊದಲ ದರ್ಜೆಯ ತರ್ಕವೇ. ಎಷ್ಟು ವಿಮಾನ ಬದಲಿಸಿಯಾದರೂ ಒಂದು ಊರಿಂದ ಇನ್ನೊಂದನ್ನು ಮುಟ್ಟಬಹುದೇ ಎಂದು ಅದರಲ್ಲಿ ಕೇಳಲಾಗದು ಎಂಬುದನ್ನು 1979ರಲ್ಲಿ ಏಹೋ ಮತ್ತು ಉಲ್ಮನ್ ತೋರಿಸಿದರು. ಒಂದೇ ನಿಯಮವನ್ನು ಫಲಿತಾಂಶ ಬದಲಾಗದೆ ನಿಲ್ಲುವವರೆಗೆ ಮತ್ತೆ ಮತ್ತೆ ಅನ್ವಯಿಸುವ ‘ಸ್ಥಿರಬಿಂದು’ವನ್ನು ಸೇರಿಸಿದರೆ ಆ ಕೊರತೆ ನೀಗುತ್ತದೆ. ಹಾಗೆ ಸೇರಿಸಿದ ತರ್ಕ ಪಿ ವರ್ಗಕ್ಕೆ ಸರಿಸಮ ಎಂದು 1982ರಲ್ಲಿ ನೀಲ್ ಇಮ್ಮರ್‌ಮನ್ ಮತ್ತು ಮೋಶೆ ವಾರ್ಡಿ ಬೇರೆಬೇರೆಯಾಗಿ ಸಾಧಿಸಿದರು. ಆದರೆ ಒಂದು ಷರತ್ತು: ದತ್ತಾಂಶದ ಅಂಶಗಳಿಗೆ ಒಂದು ಅನುಕ್ರಮ ಇರಲೇಬೇಕು.

ತೊಡಕೆಲ್ಲ ಈ ಷರತ್ತಿನಲ್ಲೇ ಇದೆ. ಯಂತ್ರ ಯಾವ ಗ್ರಾಫನ್ನೇ ಓದಲಿ, ಒಂದಾದ ಮೇಲೊಂದರಂತೆ ಓದುತ್ತದೆ; ತರ್ಕವಾಕ್ಯಕ್ಕೆ ಆ ಸಾಲು ಕಾಣುವುದಿಲ್ಲ. ಅನುಕ್ರಮವಿಲ್ಲದಿದ್ದರೆ ಶೃಂಗಗಳ ಸಂಖ್ಯೆ ಸಮವೋ ಬೆಸವೋ ಎಂದು ಹೇಳುವುದೂ ಸ್ಥಿರಬಿಂದು ತರ್ಕಕ್ಕೆ ಅಸಾಧ್ಯ. ಅನುಕ್ರಮದ ಹಂಗಿಲ್ಲದೆ ಪಿ ವರ್ಗವನ್ನು ಹಿಡಿಯುವ ಭಾಷೆ ಇದೆಯೇ ಎಂಬ ಪ್ರಶ್ನೆಯನ್ನು ಎತ್ತಿದವರು ಡೇವಿಡ್ ಹ್ಯಾರೆಲ್ ಮತ್ತು ಕಾನ್ಪುರ ಐಐಟಿಯಲ್ಲಿ ಓದಿದ ಅಶೋಕ್ ಚಂದ್ರ. ಇಲ್ಲವೆಂಬುದು ಯೂರಿ ಗುರೆವಿಚ್ 1988ರಲ್ಲಿ ಮುಂದಿಟ್ಟ ಊಹೆ. ಅದನ್ನು ಸಾಧಿಸಿದವರು ಪಿ ಮತ್ತು ಎನ್‌ಪಿ ಬೇರೆಬೇರೆ ಎಂದೂ ಸಾಧಿಸಿದಂತೆಯೇ, ಏಕೆಂದರೆ ಫೇಗಿನ್‌ರ ಭಾಷೆಗೆ ಅನುಕ್ರಮ ಬೇಕಿಲ್ಲ. ಊಹೆ ಇನ್ನೂ ಊಹೆಯಾಗಿಯೇ ಉಳಿದಿರುವುದರಲ್ಲಿ ಅಚ್ಚರಿಯಿಲ್ಲ.

ಸ್ಥಿರಬಿಂದು ತರ್ಕಕ್ಕೆ ಎಣಿಕೆಯ ಸಾಮರ್ಥ್ಯ ಸೇರಿಸಿದರೂ ಸಾಲದು ಎಂದು ಕೈ, ಫ್ಯೂರರ್, ಇಮ್ಮರ್‌ಮನ್ ಕೂಡಿ ತೋರಿಸಿದರು (1992). ಆದರೂ ಸಮತಲದ ಮೇಲೆ ಅಂಚುಗಳು ಅಡ್ಡಹಾಯದಂತೆ ಬರೆಯಬಹುದಾದ ಗ್ರಾಫ್‌ಗಳಿಗೆ ಆ ತರ್ಕ ಸಾಕಾಗುತ್ತದೆ. ಮಾರ್ಟಿನ್ ಗ್ರೋಹೆ ಈ ಫಲಿತಾಂಶವನ್ನು ಬಹಳ ದೂರ ವಿಸ್ತರಿಸಿದರು. ಮಾತೃಕೆಗಳ ಶ್ರೇಣಿಯನ್ನು ಲೆಕ್ಕಹಾಕಬಲ್ಲ ‘ರ‍್ಯಾಂಕ್ ತರ್ಕ’ ಭರವಸೆ ಹುಟ್ಟಿಸಿತ್ತು. 2021ರಲ್ಲಿ ಮೋರಿಟ್ಸ್ ಲಿಷ್ಟರ್ ಅದನ್ನೂ ತಳ್ಳಿಹಾಕಿದರು. 1999ರಲ್ಲಿ ಬ್ಲಾಸ್, ಗುರೆವಿಚ್, ಶೆಲಾಹ್ ರೂಪಿಸಿದ, ಆಯ್ಕೆಗೆ ಅವಕಾಶವಿಲ್ಲದ ಗಣನೆಯ ಭಾಷೆ ಇನ್ನೂ ಸ್ಪರ್ಧೆಯಲ್ಲಿದೆ.