ಕೋಪವನ್ನು ಕಾಣದ ಕಣ್ಣು

ಕ್ರೈಸ್ತಮತದ ದೇವರು ದಂಡಧರನೋ ಪ್ರೇಮಮಯನೋ ಎಂಬ ಪ್ರಶ್ನೆ ಬಹು ಹಳೆಯದು. ಪಂಡಿತರು ಅದನ್ನು ಗ್ರಂಥಗಳಲ್ಲಿ ಚರ್ಚಿಸಿದ್ದಾರೆ. ನಾಡೆಲ್ಲ ಸಾವಿನ ಮನೆಯಾಗಿದ್ದ ಕಾಲದಲ್ಲಿ ಅದನ್ನು ಎದುರಿಸಿದ ಒಬ್ಬ ಹೆಂಗಸಿನ ವಿಚಾರವನ್ನು ಈ ಹೊತ್ತು ಶ್ರೋತೃಗಳ ಮುಂದೆ ಇಡಬಯಸುತ್ತೇನೆ.

1349ರಲ್ಲಿ ಇಂಗ್ಲೆಂಡಿನ ನಾರಿಚ್ ಪಟ್ಟಣವನ್ನು ಮಹಾಮಾರಿ ಹೊಕ್ಕಿತು. ದೇಶದ ಜನರಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಮಂದಿ ಅದಕ್ಕೆ ಬಲಿಯಾದರೆಂದು ಚರಿತ್ರಕಾರರ ಅಂದಾಜು. 1361ರಲ್ಲಿ ಅದು ಮರಳಿ ಬಂದಾಗ ಸತ್ತವರಲ್ಲಿ ಎಳೆಯ ಮಕ್ಕಳು ಬಹುಮಂದಿ. ಇದು ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆಯೆಂದು ಧರ್ಮಬೋಧಕರು ಸಾರಿದರು. ಮಕ್ಕಳನ್ನು ಮಣ್ಣುಮಾಡಿದ ತಾಯಂದಿರೂ ಆ ಮಾತನ್ನು ಕೇಳಬೇಕಾಯಿತು.

ಇಂಥ ಕಾಲದಲ್ಲಿ, 1373ರ ಮೇ ತಿಂಗಳಿನಲ್ಲಿ, ಮೂವತ್ತು ವರ್ಷದ ಹೆಂಗಸೊಬ್ಬಳು ಮರಣಶಯ್ಯೆಯಲ್ಲಿದ್ದಳು. ಪಾದ್ರಿಯು ಕಣ್ಣೆದುರಿಗೆ ಹಿಡಿಸಿದ ಶಿಲುಬೆಯನ್ನು ನೋಡುತ್ತಿರುವಾಗ ಆಕೆಗೆ ದರ್ಶನಗಳು ಮೊದಲಾದುವು. ಎಲ್ಲ ಸೇರಿ ಹದಿನಾರು. ಆಕೆ ಬದುಕಿಕೊಂಡಳು. ಮುಂದೆ ಸಂತ ಜೂಲಿಯನ್ನನ ಇಗರ್ಜಿಗೆ ಸೇರಿದ ಕಿರುಕೋಣೆಯಲ್ಲಿ ಏಕಾಂತವಾಸಿನಿಯಾಗಿ ನೆಲಸಿದಳು. ಲೋಕವು ಆಕೆಯನ್ನು ನಾರಿಚ್ಚಿನ ಜೂಲಿಯನ್ ಎಂದು ಕರೆಯುತ್ತದೆ. ಹೆಂಗಸೊಬ್ಬಳು ಬರೆದುದೆಂದು ತಿಳಿದುಬಂದಿರುವ ಇಂಗ್ಲಿಷ್ ಗ್ರಂಥಗಳಲ್ಲಿ, ಉಳಿದುಬಂದವುಗಳ ಪೈಕಿ, ಆಕೆಯದೇ ಮೊದಲನೆಯದು.

ದೇವರಲ್ಲಿ ಕೋಪವನ್ನು ಹುಡುಕಿದೆ, ಕಾಣಲಿಲ್ಲ ಎಂಬುದು ಆ ಗ್ರಂಥದ ತಿರುಳು. ಕೋಪವಿರುವುದು ಮನುಷ್ಯನಲ್ಲಿ, ದೇವರು ತಂದೆಯಾಗಿರುವಂತೆ ತಾಯಿಯೂ ಆಗಿದ್ದಾನೆ ಎಂದು ಆಕೆಯ ನಿಲುವು. ಆದರೆ ಪಾಪಿಯು ದಂಡಾರ್ಹನೆಂದು ಆಕೆ ನಂಬಿದ್ದ ಧರ್ಮಸಭೆಯೇ ಬೋಧಿಸುತ್ತಿತ್ತು. ಎರಡರಲ್ಲಿ ಯಾವುದನ್ನೂ ಆಕೆ ಸುಳ್ಳೆನ್ನಲಾರಳು. ಈ ಇಕ್ಕಟ್ಟಿಗೆ ಉತ್ತರವಾಗಿ ಬಂದುದು ಒಂದು ದೃಷ್ಟಾಂತ. ಒಡೆಯನ ಕೆಲಸಕ್ಕೆಂದು ಆತುರದಿಂದ ಓಡಿದ ಸೇವಕನು ಹಳ್ಳದಲ್ಲಿ ಬಿದ್ದು ಗಾಯಗೊಳ್ಳುತ್ತಾನೆ. ಒಡೆಯನು ಸಮೀಪದಲ್ಲಿಯೇ ಇದ್ದು ಮರುಕದಿಂದ ನೋಡುತ್ತಿದ್ದಾನೆ. ಸೇವಕನಾದರೋ ತಲೆಯೆತ್ತಿ ಆ ಮುಖವನ್ನು ಕಾಣಲಾರ. ಅವನ ನೋವುಗಳಲ್ಲೆಲ್ಲ ಅದೇ ದೊಡ್ಡದು. ಇದರ ಅರ್ಥ ತಿಳಿಯಲು ಜೂಲಿಯನ್ನಳಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಬಿದ್ದವನು ಆದಿಮಾನವನಾದ ಆದಾಮನೂ ಹೌದು, ಅವನೊಡನೆ ಬಿದ್ದು ಅವನನ್ನು ಎತ್ತಿದ ಕ್ರಿಸ್ತನೂ ಹೌದು.

1381ರ ರೈತರ ದಂಗೆಯಲ್ಲಿ ನಾರಿಚ್ಚಿನ ಬಿಷಪ್ಪನಾದ ಹೆನ್ರಿ ಡೆಸ್ಪೆನ್ಸರನೇ ಆಯುಧ ಹಿಡಿದು ದಂಗೆಕೋರರನ್ನು ಅಡಗಿಸಿದನು. ಧರ್ಮಗುರುವಿನ ಕೈಯಲ್ಲಿಯೇ ಕತ್ತಿಯಿದ್ದ ಆ ಶತಮಾನದಲ್ಲಿ ದೇವರ ಕೈಯಲ್ಲಿ ಕತ್ತಿಯನ್ನು ಕಾಣುವುದು ಸುಲಭವಾಗಿತ್ತು. ಜೂಲಿಯನ್ ಕಂಡುದು ಮರುಕದ ಮುಖವನ್ನು. ಆಕೆಯ ಗ್ರಂಥದಲ್ಲಿ ಮಹಾಮಾರಿಯ ಹೆಸರೇ ಇಲ್ಲ. ಆದರೆ ಮಕ್ಕಳನ್ನು ಕಳೆದುಕೊಂಡ ತಾಯಿಗೆ ಹೇಳಬಹುದಾದ ಮಾತು ಅಲ್ಲಿ ಇದೆ.